ಇ ಅಲ್ಲ, ಉ ಅಲ್ಲ

ಸುಂಟಿಕೊಪ್ಪ. ಜನವರಿಯ ಎರಡನೇ ಭಾನುವಾರ.
ಗೊಬ್ಬರದಂಗಡಿಯ ಮಾಳಿಗೆ.
ಹಾಜರಿ ಆರು. ಉಳಿದವರು ಕಾಫಿ ಕುಯ್ಲಲ್ಲಿ,
ಒಬ್ಬರು ಮದುವೆಯಲ್ಲಿ,
ಒಬ್ಬರು ಕಳೆದ ತಿಂಗಳ ಮುನಿಸಿನಲ್ಲಿ.

ಮೈಲುತುತ್ತದ ಪುಡಿ ಇಲ್ಲಿ ಗಾಳಿಯಲ್ಲೇ ಇರಬೇಕು;
ಯಾರ ಹಾಳೆ ಬಿಚ್ಚಿದರೂ ಅಂಚಿಗೊಂದು
ನೀಲಿ ಬೆರಳಚ್ಚು.

ಲೀಲಾವತಿ ಟೀಚರು ಓದಿದರು ಅದೇ ಕತೆ,
ಮೂರನೇ ವರ್ಷ. ಮುಕ್ತಾಯ ಮಾತ್ರ ಹೊಸದು:
ಈ ಸಲ ಅತ್ತೆ ಸಾಯುವುದಿಲ್ಲ,
ಎದ್ದು ಕೂತು ಗಂಜಿ ಕೇಳುತ್ತಾಳೆ, ಉಪ್ಪು ಕಡಿಮೆ ಎನ್ನುತ್ತಾಳೆ.
ಸಾಯಿಸಿದ್ದರೇ ಚೆನ್ನಿತ್ತು ಎಂದ ಕಂಡಕ್ಟರ್ ಧರ್ಮಪಾಲ.
ಹನ್ನೆರಡೂವರೆಯ ಬಸ್ಸು ಅವನದು;
ಹನಿಗವನವೂ ಟಿಕೆಟಿನಷ್ಟೇ ಉದ್ದ,
ಓದಿ, ಹರಿದು, ಕೈಗೆ ಕೊಟ್ಟು
ಚಿಲ್ಲರೆ ಕೇಳುವ ಮೊದಲೇ ಇಳಿದುಬಿಡುತ್ತಾನೆ.

ಫಿಲೊಮಿನಾ ಸಿಸ್ಟರ್ ತಂದದ್ದು ರಾತ್ರಿಪಾಳಿಯ ಡೈರಿ.
ಹೆಸರಿನ ಜಾಗದಲ್ಲಿ ಮಂಚದ ನಂಬರು.
ಏಳನೇ ನಂಬರು ಬೆಳಗಿನ ಜಾವ ಹಾಡಿತು,
ಎಂದು ಓದಿ ನಿಲ್ಲಿಸಿದರು.
ಪುಟ ತಿರುವಲಿಲ್ಲ. ನಾವೂ ಕೇಳಲಿಲ್ಲ.

ಆಮೇಲೆ ಚಿಟ್ಟಿಯಪ್ಪನವರ ಸರದಿ.
ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ
ಊರಿನ ವಿಳಾಸಗಳನ್ನೆಲ್ಲ ಗಟ್ಟಿಯಾಗಿ ಓದಿದ ಗಂಟಲು
ದೀಪಾವಳಿಗೆ ಮುಂಚೆ ಮೈಸೂರಿನಲ್ಲಿ
ಕುಯ್ಯಿಸಿಕೊಂಡು ಬಂದಿದೆ.
ಕೊರಳಿಗೆ ಮಫ್ಲರು. ಹಾಳೆಯನ್ನು
ರಝಾಕನ ಮುಂದೆ ಸರಿಸಿದರು.

ಗೊಬ್ಬರದ ಬಿಲ್ಲು ಬರೆಯುವ ಹುಡುಗ ರಝಾಕ್.
ಮನೆಯಲ್ಲಿ ಮಲಯಾಳ, ಕೆಳಗೆ ಅಂಗಡಿಯಲ್ಲಿ
ಐದು ಭಾಷೆಯಲ್ಲಿ ಸಾಲ ವಸೂಲಿ.
ಮಾತು ಕೊಡವ, ಅಕ್ಷರ ಕನ್ನಡ;
ಅದಕ್ಕೇನು, ಎಂದು ಶುರುಮಾಡಿದ.

ಹಲಸಿನ ಮರದ ಪದ್ಯ.
ಆನೆಗೆ ಪರಿಮಳ ಮುಟ್ಟುವ ಮೊದಲು
ಎಳೆಗಾಯನ್ನೆಲ್ಲ ಕಡಿದು ಗುಂಡಿಗೆ ಹಾಕಿದ ಮುದುಕ
ಬುಡದಲ್ಲಿ ಕೂತು ಕತ್ತಿಯ ಮೇಣ ಉಜ್ಜುತ್ತಾನೆ.
ಎಣ್ಣೆ ಹಚ್ಚಿದರೂ ಹೋಗುವುದಿಲ್ಲ, ಅಷ್ಟೇ ಪದ್ಯ.

ಎರಡನೇ ಸಾಲಿನಲ್ಲೇ ರಝಾಕ್ ಎಡವಿದ.
ಅಕ್ಷರದ ತಲೆಯ ಮೇಲೊಂದು ಪುಟ್ಟ ಕೊಕ್ಕೆ,
ಯಾವ ಕಾಗುಣಿತದಲ್ಲೂ ಇಲ್ಲದ್ದು, ಅವರೇ ಮಾಡಿಕೊಂಡದ್ದು.
ಇ ಎಂದ. ಅಲ್ಲ, ಎಂದು ಮಫ್ಲರು ಅಲುಗಿತು.
ಉ ಎಂದ. ಅಲ್ಲ.
ಬೆರಳಿನಿಂದ ಮೇಜು ಕುಟ್ಟಿದರು ಅಜ್ಜ. ಬಾಯಿ ತೆರೆದು ತೋರಿಸಿದರು:
ತುಟಿ ನಗುತ್ತಲೂ ಇಲ್ಲ, ಮುತ್ತಿಡುತ್ತಲೂ ಇಲ್ಲ,
ನಾಲಿಗೆ ನಡುವೆಯೆಲ್ಲೋ ತಡೆದು ನಿಂತಿದೆ.
ದನಿ ಮಾತ್ರ ಇಲ್ಲ.

ಆಗ ನಾವೂ.
ಟೀಚರು, ಸಿಸ್ಟರು, ಬಸ್ಸು ಮರೆತ ಧರ್ಮಪಾಲ, ನಾನು,
ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬಾಯಿ ಬಿಟ್ಟು
ಒಬ್ಬರ ಗಂಟಲೊಳಗೆ ಒಬ್ಬರು ಇಣುಕಿ
ಏನೇನೋ ಮೊಳಗಿಸಿದೆವು.
ಕೆಳಗೆ ಡ್ರೈವರು ಹಾರ್ನ್ ಒತ್ತಿದ, ಒತ್ತಿಯೇ ಇದ್ದ.

ನಿಲ್ಲಿ, ಎಂದ ರಝಾಕ್.
ನಮ್ಮುಮ್ಮ, ಬಾಗಿಲು ತಟ್ಟಿದರೆ ಒಳಗಿನಿಂದ
ಆರ್? ಅಂತ ಕೇಳುವುದಿಲ್ಲವಾ,
ಅದರ ಬಾಲದಲ್ಲಿ ಇರುವುದು. ಇದೇನಾ?
ಅಂದು ತೋರಿಸಿದ.

ಅಜ್ಜ ಮೇಜು ಕುಟ್ಟುವುದು ನಿಲ್ಲಿಸಿದರು.

ನನಗೂ ಥಟ್ಟನೆ ಕೇಳಿಸಿತು: ತುಳುವಿನಲ್ಲಿ ನಮ್ಮಜ್ಜಿ
ಇಲ್ಲ್ ಎನ್ನುತ್ತಿದ್ದಳು, ಮನೆ ಎಂಬುದಕ್ಕೆ;
ಕೊನೆಗೆ ಇದೇ, ಈ ಇಷ್ಟೇ ಇಷ್ಟು,
ಹೊಸಿಲಿಗೆ ಸಿಕ್ಕ ಸೆರಗಿನ ತುದಿಯಂತೆ.
ಐವತ್ತು ವರ್ಷ ಬಾಯಲ್ಲಿದ್ದದ್ದು ಒಂದು ದಿನವೂ
ಕಿವಿಗೆ ಬಿದ್ದಿರಲಿಲ್ಲ.

ರಝಾಕ್ ಮೊದಲಿನಿಂದ ಓದಿದ.
ಅಜ್ಜನ ತುಟಿ ಅವನಿಗಿಂತ ಅರೆಗಳಿಗೆ ಮುಂದೆ ಹೋಗುತ್ತ,
ತಿರುವಿನಲ್ಲಿ ನಿಂತು ಕಾಯುತ್ತ.
ಬಸ್ಸಿನ ತುಂಬ ಜನ
ಒಂದು ಸ್ವರಕ್ಕಾಗಿ ಹನ್ನೊಂದು ನಿಮಿಷ ತಡವಾಗಿ
ಮಾದಾಪುರಕ್ಕೆ ಹೊರಟರು. ಯಾಕೆಂದು ಅವರಿಗೆ ಗೊತ್ತಿಲ್ಲ.

ನಡಾವಳಿಯಲ್ಲಿ ಆ ಪದಕ್ಕೆ ಜಾಗ ಬಿಟ್ಟಿದ್ದೇನೆ.
ಕೊಕ್ಕೆ ಹಾಕಿದರೆ ಲೆಕ್ಕ ತಪಾಸಣೆಯವರು
ಶಾಯಿ ಸೋರಿದೆ ಎಂದುಕೊಂಡಾರು.

ಕಾರ್ಯದರ್ಶಿ ತಮ್ಮ ಪದ್ಯ ಓದಲಿಲ್ಲ, ಹೊತ್ತಾಗಿತ್ತು.
ಅದರಲ್ಲಿ ಅಜ್ಜಿ ಬಂದು ಹೋಗುತ್ತಾಳೆ, ನಾಲ್ಕು ಕಡೆ;
ನಾಲ್ಕು ಕಡೆಯೂ ನಾನವಳಿಗೆ
ಮನೆ ಎಂದೇ ಹೇಳಿಸಿದ್ದೆ.

ಚಹಾ ಆರು, ಪರಿಪ್ಪುವಡೆ ಒಂಬತ್ತು.
ಹಣ ಕೊಟ್ಟದ್ದು ಚಿಟ್ಟಿಯಪ್ಪನವರು.